ಹರಕು ತೋಳಿನ ಜಾಕೆಟ್ಟು

ಹರಿದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಕಾಲರಿನ ಹೊಲಿಗೆ ಬಿಚ್ಚಿಕೊಂಡಿದ್ದರೆ, ತಿಕೋಟಾದಲ್ಲಿ ಹತ್ತಿದವಳು ವಿಜಯಪುರ ಬರುವವರೆಗೂ ಅದನ್ನು ಕಣ್ಣಿನಲ್ಲೇ ಹೊಲಿಯುತ್ತ ಬರುತ್ತೇನೆ. ವಿಜಯಪುರದ ಅಥಣಿ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಷೀನಿನ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಹರಕನ್ನು ಹರಕಾಗಿಯೇ ಇಟ್ಟುಕೊಳ್ಳಲು ಬಯಸುವ ಜನರೂ ಲೋಕದಲ್ಲಿದ್ದಾರೆ ಎಂದು ನನಗೆ ಹೇಳಿಕೊಟ್ಟವನು ನನ್ನ ತಮ್ಮ ಸಂಗಮೇಶ.

ಸಂಗಮೇಶ ಬಬಲೇಶ್ವರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಮನೆಗೆ ಬಂದು ಚಹಾ ಕುಡಿದು ಇನ್ನೊಂದು ಊರಿಗೆ ಹೋಗುತ್ತಾನೆ. ಆ ಊರು ಕಂಪ್ಯೂಟರಿನೊಳಗಿದೆ. ಸೈಬರ್‌ಪಂಕ್ ಎಂಬ ಜಾತಿಯ ವಿಡಿಯೋ ಗೇಮು. ಒಂದಾದ ಮೇಲೊಂದು ನಾಲ್ಕು ಭಾಗ ಬಂದಿವೆಯಂತೆ. ಅಲ್ಲಿ ಯಾವಾಗಲೂ ಮಳೆ, ಬಣ್ಣದ ದೀಪ, ಮುಗಿಲು ಮುಟ್ಟುವ ಕಟ್ಟಡ. ಸರ್ಕಾರವೆಂದರೂ ಕಂಪನಿ, ಪೊಲೀಸರೆಂದರೂ ಕಂಪನಿ. ಕಣ್ಣು ಹೋದವರು ಮಷೀನಿನ ಕಣ್ಣು, ಕೈ ಹೋದವರು ಮಷೀನಿನ ಕೈ ಹಾಕಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಬಲ್ಲವರು ಒಂದು ಛತ್ರಿಯನ್ನು ಯಾಕೆ ಹಿಡಿಯುವುದಿಲ್ಲ ಎಂದು ಒಮ್ಮೆ ಕೇಳಿದೆ. ತಮ್ಮ ನಗಲಿಲ್ಲ. ನನ್ನ ಪ್ರಶ್ನೆಯನ್ನು ಫೋನಿನಲ್ಲಿ ತನ್ನ ಗುಂಪಿಗೆ ಹಾಕಿದ. ಅದರ ಮೇಲೆ ಎರಡು ದಿನ ವಾದ ನಡೆಯಿತು.

ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಮರಳಿ ಕೇಳುತ್ತದೆ ಎನ್ನುತ್ತಾರೆ. ಈ ಗುಂಪಿನ ಮುಂದೆ ಆ ಗುಮ್ಮಟ ಮೂಕ. ಎರಡನೆಯ ಭಾಗದಲ್ಲಿ ಗೋಡೆಯ ಮೇಲಿದ್ದ ಗೀರು ಮೂರನೆಯದರಲ್ಲಿ ಯಾಕಿಲ್ಲ ಎಂದು ಒಬ್ಬ ಕೇಳಿದರೆ ಸಾಕು, ಎಲ್ಲ ಊರುಗಳಿಂದ ಉತ್ತರ. ಅವರಲ್ಲಿ ಹಿರಿಯ ತಿಕೋಟಾದ ಮಹಾಂತೇಶ. ದ್ರಾಕ್ಷಿ ತೋಟದವನು. ಬೆಳಗ್ಗೆ ಬಳ್ಳಿಗೆ ಔಷಧಿ ಹೊಡೆದು, ಕೈ ತೊಳೆದುಕೊಂಡು, ಆ ಮಳೆಯೂರಿಗೆ ಇಳಿಯುತ್ತಾನೆ. ಇವರಿಗೆಲ್ಲ ಏನು ಸಿಗುತ್ತದೆ ಅಲ್ಲಿ ಎಂಬುದು ನನ್ನ ಕುತೂಹಲ. ಕಂಪನಿಯವರು ಆಟದಲ್ಲಿ ಉಳಿದ ತಪ್ಪುಗಳನ್ನು ಆಮೇಲೆ ತಿದ್ದಿ ಕಳಿಸುತ್ತಾರೆ, ಅದಕ್ಕೆ ಪ್ಯಾಚ್ ಎನ್ನುತ್ತಾರೆ ಎಂದು ಸಂಗಮೇಶ ಹೇಳಿದ. ಹಾಗೆಂದರೇನು ಎಂದೆ. "ತ್ಯಾಪಿ ಅಕ್ಕಾ, ಹರದ ಬಟ್ಟಿಗೆ ನೀ ಹಚ್ಚತಿಯಲ್ಲ, ಅದಾ" ಎಂದ. ಅಂದಿನಿಂದ ಆ ಆಟ ನನಗೆ ದೂರದ ಬೀಗರ ಮನೆಯಷ್ಟು ಹತ್ತಿರವಾಯಿತು.

ಹೀಗಿರುವಾಗ ಗುಂಪಿನವರೆಲ್ಲ ಒಂದು ಭಾನುವಾರ ಗುಮ್ಮಟದ ಹತ್ತಿರ, ಒಂದು ಅಂಗಡಿಯ ಮಾಳಿಗೆಯ ಮೇಲೆ ಸೇರುವುದೆಂದಾಯಿತು. ಎಲ್ಲರೂ ಆಟದವರಂತೆ ವೇಷ ಹಾಕಬೇಕು. ತೆಗೆದ ಫೋಟೋ ಅಭಿಮಾನಿಗಳ ದೊಡ್ಡ ಕೂಟಕ್ಕೆ ಹೋಗುತ್ತದೆ. ನಾಯಕನ ವೇಷ ಸಂಗಮೇಶನದು. ಜಾಕೆಟ್ಟು ಹೊಲಿಯುವ ಕೆಲಸ ನನ್ನದು.

ಆ ಜಾಕೆಟ್ಟಿನ ಎಡ ಭುಜ ಹರಿದಿರಬೇಕು. ಯಾಕೆಂದು ತಮ್ಮ ಮೂರು ಸಲ ಬಿಡಿಸಿ ಹೇಳಿದ್ದ. ನಾಯಕ ಕೈ ಕಳೆದುಕೊಂಡದ್ದು ಅದೇ ಜಾಕೆಟ್ಟಿನಲ್ಲಿ. ಕಂಪನಿ ಹೊಸ ಕೈ ಕೊಟ್ಟಿತು, ಹೊಸ ಬಟ್ಟೆಯನ್ನೂ ಕೊಟ್ಟಿತು. ಕೈ ಇಸಿದುಕೊಂಡ, ಬಟ್ಟೆ ಬೇಡವೆಂದ. ಅವನ ಮಾನವೆಲ್ಲ ಆ ಹರಕಿನಲ್ಲಿದೆ. ನನಗೆ ಅರ್ಥವಾಗಿತ್ತು. ಕೇಳಿ ಕಣ್ಣಲ್ಲಿ ನೀರೂ ಬಂದಿತ್ತು. ಚಂದ ಹೊಲಿದೆ, ಹೇಳಿದಲ್ಲಿ ಹರಿದೆ, ಅಂಗಡಿಯಲ್ಲಿ ತೂಗುಹಾಕಿದೆ. ಬಂದ ಗಿರಾಕಿಯೊಬ್ಬಳು ಇದು ಯಾರದು ಎಂದಳು. ತಮ್ಮನದು ಎನ್ನದೆ ಮಾತು ಮರೆಸಿದೆ. ಹೊಲಿಯುವವಳ ತಮ್ಮ ಹರಕು ಹಾಕಿಕೊಂಡು ಊರ ನಡುವೆ ಹೋದನೆಂದರೆ ನಾಚಿಕೆ ಯಾರಿಗೆ? ಶನಿವಾರ ಅದೇ ಬಣ್ಣದ ದಾರ ಹುಡುಕಿ, ಹರಕು ಕಾಣದಂತೆ ಹೊಲಿದು, ಇಸ್ತ್ರಿ ಮಾಡಿ, ಮಡಚಿ ಚೀಲದಲ್ಲಿಟ್ಟೆ. ಅಷ್ಟು ಸಣ್ಣ ಹೊಲಿಗೆಯನ್ನು ನಾನು ಮದುವೆಯ ಬ್ಲೌಸಿಗೂ ಹಾಕಿದವಳಲ್ಲ.

ಭಾನುವಾರ ನಾನೂ ತಮ್ಮನ ಜೊತೆ ಹೋದೆ. ಮಾಳಿಗೆಯ ಮೇಲೆ ಎಲ್ಲರ ಮುಂದೆ ಸಂಗಮೇಶ ಚೀಲ ಬಿಚ್ಚಿ ಜಾಕೆಟ್ಟು ತೊಟ್ಟುಕೊಂಡ. ಮಹಾಂತೇಶ ಅವನ ಸುತ್ತ ಒಂದು ಸುತ್ತು ಹಾಕಿದ.

"ಸಂಗ್ಯಾ, ಹರಕ ಎಲ್ಲಿ ಹೋತಲೇ? ನೌಕರಿಗೆ ಹೊಂಟಂಗ ಕಾಣಾಕತ್ತಿ."

ತಮ್ಮ ಭುಜ ಮುಟ್ಟಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ಆಗ ನಾನು ಜೀವಮಾನವಿಡೀ ಬಳಸಿದ ಮಾತನ್ನು ಹೊರತೆಗೆದೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ನಾದಿನಿಯರ ಜಗಳದಲ್ಲಿ ನನ್ನನ್ನು ಪಾರು ಮಾಡಿದ ಮಾತು.

"ನಾ ಏನ್ ಕಲ್ತಾಕಿರಿ, ನನಗೇನ್ ತಿಳೀತೈತಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ವೇಷದ ಮಷೀನಿನ ಕೈಗಳಿಂದಲೇ ಸನ್ನೆ ಮಾಡುತ್ತ ಇಡೀ ಕಥೆಯನ್ನು ಮೊದಲಿನಿಂದ ಹೇಳಿದರು. ನನಗೆ ಗೊತ್ತಿದ್ದ ಕಥೆಯನ್ನು ಗೊತ್ತಿಲ್ಲದವಳಂತೆ ತಲೆ ಆಡಿಸುತ್ತ ಕೇಳಿದೆ. ಅಷ್ಟರಲ್ಲಿ ಫೋಟೋಕ್ಕೆ ನಿಂತರು. ನಾಯಕ ನಿಲ್ಲಬೇಕಿದ್ದ ನಡುವಿನ ಜಾಗದಲ್ಲಿ ಮಹಾಂತೇಶ ನಿಂತ. ತಮ್ಮ ಜಾಕೆಟ್ಟು ಕಳೆದು ಕೈಮೇಲೆ ಹಾಕಿಕೊಂಡು ಹಿಂದಿನ ಸಾಲಿಗೆ ಹೋದ. "ಆಕೀಗೆ ಗೊತ್ತಿರಲಿಲ್ಲ" ಎಂದು ಯಾರಿಗೋ ಹೇಳುತ್ತಿದ್ದ. ನನ್ನ ಪರವಾಗಿ, ಮನಃಪೂರ್ವಕವಾಗಿ.

ಅದನ್ನು ನುಂಗುವುದಾಗಲಿಲ್ಲ. ಮರುದಿನ ಅವನ ಊಟದ ತಟ್ಟೆಯ ಮುಂದೆ ಕೂತು ಹೇಳಿಬಿಟ್ಟೆ: ನನಗೆ ತಿಳಿದಿತ್ತು, ಮಂದಿಯ ಮಾತಿಗೆ ಹೆದರಿ ಹೊಲಿದೆ. ಸಂಗಮೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಎದ್ದು ಹೋದ. ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೆಯ ದಿನ ಅಂಗಡಿಗೆ ಬಂದು ಜಾಕೆಟ್ಟನ್ನು ಮಷೀನಿನ ಮೇಲಿಟ್ಟು, "ಬಿಚ್ಚು" ಎಂದ.

ಬ್ಲೇಡು ಹಿಡಿದು ಒಂದೊಂದೇ ದಾರ ಬಿಚ್ಚಿದೆ. ಚಂದ ಹಾಕಿದ ಹೊಲಿಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಹರಕು ಮತ್ತೆ ಬಾಯಿ ತೆರೆಯಿತು. ಆದರೆ ಅದರ ಎರಡೂ ಅಂಚಿಗೆ ಸೂಜಿ ಹೋದ ತೂತುಗಳು ಸಾಲಾಗಿ ಉಳಿದವು. ತಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದ.

ಹೊಲಿದವಳು ನಾನೆಂದು ಎಲ್ಲರಿಗೂ ಗೊತ್ತು, ಆದರೂ ಗುಂಪಿನ ಗುಮ್ಮಟ ಕೂಗತೊಡಗಿತು. ಈ ತೂತು ಯಾವ ಭಾಗದಲ್ಲೂ ಇಲ್ಲವಲ್ಲ? ನಾಯಕನ ಜಾಕೆಟ್ಟನ್ನು ಹಿಂದೆ ಯಾರೋ ಹೊಲಿದಿದ್ದರೇ? ಅವನಿಗೆ ಮನೆ ಇತ್ತೇ, ಮನೆಯಲ್ಲಿ ಯಾರಿದ್ದರು? ದ್ರಾಕ್ಷಿಗೆ ಔಷಧಿ ಹೊಡೆಯುವುದನ್ನು ಬಿಟ್ಟು ಮಹಾಂತೇಶ ಉದ್ದುದ್ದ ಬರೆದ: ಹೊಲಿದದ್ದನ್ನು ನಾಯಕನೇ ಬಿಚ್ಚಿದ್ದಾನೆ, ಇದರ ಹಿಂದೆ ದೊಡ್ಡ ಕಥೆ ಇದೆ.

ಸಂಗಮೇಶ ಫೋನು ಹಿಡಿದು ನನ್ನ ಕಡೆ ತಿರುಗಿದ. ನಾಲ್ಕು ದಿನಗಳ ಮೇಲೆ ಅವನ ಮುಖದಲ್ಲಿ ಹಳೆಯ ಕಳೆ ಇತ್ತು.

"ಕೇಳಾಕತ್ತಾರ. ಯಾರು ಹೊಲದಿದ್ರು ಅಂತ ಬರೀಲಿ ಅಕ್ಕಾ?"

ನನಗೇನು ತಿಳಿಯುತ್ತದೆ ಎಂಬ ಮಾತು ರೂಢಿಯಂತೆ ತುಟಿಯವರೆಗೆ ಬಂತು. ಅದನ್ನು ದಾರದಂತೆ ಹಲ್ಲಿನಲ್ಲಿ ಕಡಿದೆ.

"ಅಂವನ ಅಕ್ಕ ಅಂತ ಬರಿ" ಎಂದೆ. "ತಿಳದಾ ಹೊಲದಿದ್ಲು ಅಂತನೂ ಬರಿ."

ಬರೆದ. ಉತ್ತರಗಳು ಇನ್ನೂ ಬರುತ್ತಿವೆ.