ಅಣ್ಣ ಹೊಡೆದ ಈಡುಗಳು

ಹೋದ ವರ್ಷ ಗೌರಿ ಹಬ್ಬ ಮುಗಿದ ವಾರದಲ್ಲಿ ಹೊಳಲಿನಿಂದ ಕಾವ್ಯ ಎಂಬ ಹುಡುಗಿ ಮಳವಳ್ಳಿಯ ನಮ್ಮ ಮನೆಗೆ ಬಂದಳು. ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳಂತೆ. ಅವಳ ತಾತನ ಹತ್ತಿರ ಲೈಸೆನ್ಸಿನ ಕೋವಿಯೊಂದಿದೆ. ಅದರ ಕಬ್ಬಿಣದ ಮೇಲೆ ನಮ್ಮಪ್ಪನ ಹೆಸರಿದೆ. ಆ ಹೆಸರು ಹಿಡಿದು ಹುಡುಕಿಕೊಂಡು ಬಂದಿದ್ದಳು.

ನಾವು ಕೋವಿ ಮಾಡುವುದು ನಿಲ್ಲಿಸಿ ಎಷ್ಟೋ ವರ್ಷವಾಯಿತು. ನಮ್ಮ ಕುಲುಮೆ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಆಗ ಕಾಡುಹಂದಿ ಕಾಟಕ್ಕೆ ಸಿಕ್ಕಿದ ರೈತರು ಮಂಡ್ಯ, ಮದ್ದೂರು ಕಡೆಯಿಂದೆಲ್ಲ ಬಂದು ಮಾಡಿಸುತ್ತಿದ್ದರು. ಬಟ್ಟೆ ಹೊಲಿಯುವವರ ಹಾಗೆ ಆಳಿನ ತೋಳು, ಭುಜ, ಕತ್ತು ಅಳೆದುಕೊಂಡೇ ನಮ್ಮಣ್ಣ ಮರದ ಹಿಡಿ ಕೆತ್ತುತ್ತಿದ್ದ. ನಳಿಗೆಯ ಕೆಲಸ ನನ್ನದು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಕಬ್ಬಿಣ ಮಾತ್ರ ಕೈಗೆ ಒಗ್ಗಿತ್ತು.

ಕಾವ್ಯ ಫೋನಿನಲ್ಲಿ ಎಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ತೀರಿಹೋದ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಕಾಫಿ ತಂದಿಟ್ಟು ಅಲ್ಲೇ ಕೂತರು.

“ನಿಮ್ಮಣ್ಣಂಗೆ ಕಿವಿ ಕೇಳ್ತಿರ್ಲಿಲ್ವಂತೆ, ಕೈಸನ್ನೆ ಮಾಡೇ ನಮ್ಮ ತಾತನ ಅಳತೆ ತಗೊಂಡ್ರಂತೆ. ಕಿವಿ ಹೇಗೆ ಹೋಯ್ತು ತಾತ?” ಎಂದು ಕೇಳಿದಳು.

“ಉಟ್ಟಿದಾಗಿಂದ ಅಂಗೇ ಕಣವ್ವ,” ಅಂದೆ. ಯೋಚನೆ ಮಾಡುವ ಮುಂಚೆಯೇ ಬಾಯಿಗೆ ಬಂದುಬಿಟ್ಟಿತು.

ಹುಡುಗಿ ಬಸ್ಸಿಗೆ ಹೋದ ಮೇಲೆ ಅತ್ತಿಗೆ ಲೋಟ ಎತ್ತಿಕೊಳ್ಳುತ್ತ ಕೇಳಿದರು.

“ಪುಟ್ಸಾಮಿ, ನಮ್ಮ ಮದ್ವೇಲಿ ಅವ್ರಿಗೆ ಕಿವಿ ಚೆಂದಾಗಿ ಕೇಳ್ತಿತ್ತು. ನಾನು ಬಾಣಂತನಕ್ಕೆ ಓಗಿದ್ದಾಗ ಜ್ವರ ಬಂದು ಕೆಟ್ಟೋಯ್ತು ಅಂತ ಎಷ್ಟೋ ದಿನ ಆದ್ಮೇಲೆ ನಂಗೇಳಿದ್ರು. ನೀನು ನೋಡುದ್ರೆ ಉಟ್ಟಿದಾಗಿಂದ ಅಂತೀಯ. ಯಾವ್ದಪ್ಪ ದಿಟ?”

ಅಣ್ಣ ಹೆಂಡತಿಗೂ ಸುಳ್ಳು ಹೇಳಿದ್ದ ಎಂದು ನನಗೆ ಗೊತ್ತಾಗಿದ್ದೇ ಆವತ್ತು. ಇನ್ನು ಮುಚ್ಚಿಡಲು ಆಗಲಿಲ್ಲ. ಇದ್ದದ್ದನ್ನೆಲ್ಲ ಅತ್ತಿಗೆಯ ಮುಂದೆ ಹೇಳಿಬಿಟ್ಟೆ.

ಅಪ್ಪ ಒಂದು ಕಟ್ಟಳೆ ಮಾಡಿದ್ದರು. ಗಿರಾಕಿಗೆ ಕೊಡುವ ಮುಂಚೆ ನಳಿಗೆ ಮಾಡಿದವನೇ ಮೊದಲ ಈಡು ಹೊಡೆಯಬೇಕು. ಸಿಡಿದರೆ ಮಾಡಿದವನ ಮುಖಕ್ಕೇ ಸಿಡಿಯಲಿ ಎಂಬ ಲೆಕ್ಕ. ಹಾಗಾಗಿ ಅದು ನನ್ನ ಕೆಲಸ. ಮೊದಲ ಸಲ ಕೆರೆ ಏರಿಯ ಹತ್ತಿರ ಕೋವಿ ಹೆಗಲಿಗೆ ಇಟ್ಟವನು ಹೆದರಿ ಮತ್ತೆ ಕೆಳಗಿಳಿಸಿದೆ. “ತತ್ತಾ ಇಲ್ಲಿ. ಅಪ್ಪಂಗೆ ಯೋಳ್ಬ್ಯಾಡ ಕಣ್ಲಾ,” ಎಂದು ಅಣ್ಣ ಕಿತ್ತುಕೊಂಡು ತಾನೇ ಹೊಡೆದ.

ಆಮೇಲೆ ಅದೇ ಅಭ್ಯಾಸವಾಯಿತು. ಪ್ರತಿ ಕೋವಿಯನ್ನೂ ಅವನೇ ಹೊಡೆದ. ನಾನು ಹೊಂಗೆ ಮರದ ಹಿಂದೆ ಕಿವಿಗೆ ಬೆರಳು ತುರುಕಿ ನಿಂತಿರುತ್ತಿದ್ದೆ. “ಬಾರ್ಲಾ ಪುಕ್ಲ, ನಿನ್ನ ನಳಿಗೆ ಗಟ್ಟಿಯಾಗೈತೆ,” ಎಂದು ನಗುತ್ತಿದ್ದ. ಬರಬರುತ್ತ ನಾನು ಹೇಳಿದ್ದು ಅವನಿಗೆ ಕೇಳದಾಯಿತು. ಮಂಡ್ಯದ ಡಾಕ್ಟರು, ಸದ್ದಿನಿಂದಲೇ ಹೀಗಾಗಿದೆ, ಇನ್ನು ಹೊಡೆಯಬಾರದು ಅಂದರು. ಅವರ ಮಾತು ಅಣ್ಣನಿಗೆ ಎಷ್ಟು ಕೇಳಿಸಿತೋ, ನನಗೆ ಪೂರ್ತಿ ಕೇಳಿಸಿತ್ತು. ಆಮೇಲೂ ಕೋವಿಯನ್ನು ನಾನು ಅವನ ಕೈಗೇ ಕೊಟ್ಟೆ.

ಅತ್ತಿಗೆ ಎತ್ತಿಕೊಂಡಿದ್ದ ಲೋಟ ಕೆಳಗಿಟ್ಟರು. ಆಮೇಲೆ, “ಮೊದಮೊದ್ಲು ಊಟಕ್ಕೆ ಕೂಗುದ್ರೆ ಬತ್ತಿರ್ನಿಲ್ಲ. ಬೇಕಂತ್ಲೇ ಕೇಳುಸ್ಕಳಲ್ಲ ಅಂತ ಬಾಯಿಗೆ ಬಂದಂಗೆ ಬಯ್ದಿವ್ನಿ ಕಣಪ್ಪ,” ಅಂದರು. ಕಣ್ಣು ಒರೆಸಿಕೊಂಡು, “ಆ ಮಗೀಗೆ ಪೋನ್ ಮಾಡು. ನಾನಿಲ್ಲೇ ಕುಂತಿರ್ತೀನಿ,” ಅಂದರು.

ಅವರ ಎದುರಿಗೇ ಕಾವ್ಯಳಿಗೆ ಎಲ್ಲ ಹೇಳಿದೆ.

“ಹಾಗಾದ್ರೆ ನಮ್ಮ ತಾತನ ಕೋವಿ?” ಅಂದಳು.

“ಅದ್ನೂವೆ ಅಣ್ಣನೇ ಒಡ್ದಿದ್ದು. ನಾನು ಒಂದ್ನೂ ಒಡ್ದಿಲ್ಲ. ಅಂಗೇ ಬರ್ಕೊಳವ್ವ.”

ನನಗೀಗ ಎಪ್ಪತ್ತು ದಾಟಿದೆ. ಎರಡು ಕಿವಿಯೂ ಚೆನ್ನಾಗಿ ಕೇಳುತ್ತವೆ. ಅತ್ತಿಗೆ ಒಳಗಿನಿಂದ ಮೆಲ್ಲಗೆ ಊಟಕ್ಕೆ ಕರೆದರೂ ಜಗಲಿಯಲ್ಲಿ ಕೂತ ನನಗೆ ಕೇಳಿಸುತ್ತದೆ. ಒಂದೇ ಕೂಗಿಗೆ ಎದ್ದುಹೋಗಲು ನಾಚಿಕೆಯಾಗುತ್ತದೆ.