ಟವೆಲ್ಲಿನ ಕೆಳಗಿನ ಕೈ

ಇಮಾಮಸಾಬರ ಬಲಗೈ ಮೇಲೆ ಸದಾ ಒಂದು ಕೆಂಪು ಟವೆಲ್ಲು ಇರುತ್ತಿತ್ತು. ಅದನ್ನು ತೆಗೆಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಲಕ್ಷ್ಮೇಶ್ವರದ ದನದ ಸಂತೆಯಲ್ಲಿ ಅವರು ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಲ್ಲಿ ಆಡದೆ, ಟವೆಲ್ಲಿನ ಕೆಳಗೆ ಎದುರಿನವರ ಬೆರಳು ಹಿಡಿದು ಒತ್ತಿ ತಿಳಿಸುವುದು ಅವರ ಕಸುಬು. ಲಕ್ವಾ ಹೊಡೆದು ಆ ಬೆರಳುಗಳೇ ಮುಷ್ಟಿಗಟ್ಟಿದ್ದವು. "ಬೆರಳಿಲ್ಲದ ದಲ್ಲಾಳಿನ್ನ ಯಾರ ಕೇಳ್ತಾರ್ರಿ?" ಎನ್ನುತ್ತ ಗದಗಿಗೆ, ನನ್ನ ಫಿಜಿಯೋಥೆರಪಿ ಕೋಣೆಗೆ ಬಂದಿದ್ದರು.

ನಮ್ಮಲ್ಲಿ ಆಗಷ್ಟೇ ಹೊಸ ಯಂತ್ರ ಬಂದಿತ್ತು. ತಲೆಗೆ ತಂತಿಗಳ ಟೊಪ್ಪಿಗೆ, ಕೈಗೆ ಮೋಟಾರಿನ ಗವಸು. ಕೈ ಬಿಚ್ಚುತ್ತಿದ್ದೇನೆಂದು ರೋಗಿ ಮನಸ್ಸಿನಲ್ಲೇ ಗಟ್ಟಿಯಾಗಿ ನೆನೆದರೆ, ಮಿದುಳಿನ ಆ ಸುಳಿವನ್ನು ಟೊಪ್ಪಿಗೆ ಹಿಡಿಯುತ್ತದೆ, ಗವಸು ಬೆರಳು ಬಿಚ್ಚುತ್ತದೆ. ಮಾಡುತ್ತ ಮಾಡುತ್ತ ಮಿದುಳು ಮರೆತ ದಾರಿಯನ್ನು ಮತ್ತೆ ಕಲಿಯಬಹುದು. ಬಾಯಿ ಆಡಿಸಬಾರದು, ಅಲುಗಾಡಬಾರದು, ಅಷ್ಟೆ. ಇಮಾಮಸಾಬರು ಎರಡನ್ನೂ ಬಿಡಲಿಲ್ಲ. ಅಡಿಕೆ ಅಗಿದರು. ಪಕ್ಕದ ಮಂಚದ ರೈತನನ್ನು, ನಿನ್ನ ಹೋರಿ ಎಷ್ಟು ಹಲ್ಲಿನದು ಎಂದು ವಿಚಾರಿಸಿದರು. ಟೊಪ್ಪಿಗೆ ತಲೆಕೆಟ್ಟು ಕೂತಿತು. ಬಾಯಿ ಮುಚ್ಚಿ ಕೂತ ದಿನವೂ ಗವಸು ಅಲುಗಲಿಲ್ಲ. ಯಾಕೆಂದು ಕೇಳಿದರೆ, ಮಂದಿ ಎದುರಿಗೆ ಕೈ ಬಿಚ್ಚಿ ಅಭ್ಯಾಸವಿಲ್ಲವಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ತಗೋರಿ, ಮುಚ್ಚಿಕೊಂಡ ಮಾಡ್ರಿ" ಎಂದು ಟವೆಲ್ಲನ್ನು ಗವಸಿನ ಮೇಲೆ ಎಸೆದೆ. ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಟ್ಟೆಯ ಕೆಳಗೆ ಮೋಟಾರು ಗುಂಯ್‌ಗುಟ್ಟಿತು. ಬಿಚ್ಚಿದ ಅಂಗೈ ಕಂಡು ನಾನು ಹಿಗ್ಗಿಹೋದೆ. ಅವರಿಗೋ, ಟವೆಲ್ಲು ಸರಿಸಿ ನೋಡಿದೆನೆಂದು ನನ್ನ ಮೇಲೇ ಸಿಟ್ಟು.

ಕೆಲವು ತಿಂಗಳಲ್ಲಿ ಬೆರಳು ಒಂದಿಷ್ಟು ಸಡಿಲವಾದದ್ದೇ ತಡ, ಬರುವುದನ್ನೇ ಬಿಟ್ಟರು. ಫೋನೂ ಎತ್ತಲಿಲ್ಲ. ಬೈಯಬೇಕೆಂದೇ ಬಸ್ಸು ಹತ್ತಿ ಸಂತೆಗೆ ಹೋದೆ. ಒಂದು ಎಮ್ಮೆಯ ಪಕ್ಕ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎಡಗೈಯಿಂದ ನನ್ನ ಕೈ ಹಿಡಿದು ಟವೆಲ್ಲಿನ ಕೆಳಗೆ ಎಳೆದುಕೊಂಡರು. ಗವಸಿಲ್ಲ, ಟೊಪ್ಪಿಗೆಯಿಲ್ಲ. ಅವರ ಬಲಗೈ ನಿಧಾನವಾಗಿ ಬಿಚ್ಚಿತು, ನನ್ನ ಎರಡು ಬೆರಳು ಹಿಡಿದು ಒತ್ತಿತು. ಬೈಗುಳವೆಲ್ಲ ಮರೆತು ಹೋಯಿತು.

ಏನು ಹೇಳಿದಿರಿ ಎಂದು ಕೇಳಿದೆ.

"ಬಾಯಿಲೆ ಹೇಳೂದಾದ್ರ ಟವೆಲ್ ಯಾಕ ಬೇಕ್ರಿ, ಡಾಕ್ಟರ?"

ಆ ಮಳೆಗಾಲದಲ್ಲೇ ಎರಡನೆಯ ಸಲ ಲಕ್ವಾ ಹೊಡೆದು ಹೋಗಿಬಿಟ್ಟರು. ಸಂತೆಯ ದಲ್ಲಾಳಿಗಳನ್ನು ಕೇಳಿ ನೋಡಿದೆ. ಎರಡು ಬೆರಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಹೇಳಿ ಹೋಗಬಾರದಿತ್ತೇ, ಪುಣ್ಯಾತ್ಮ.