ನಮ್ಮ ಬಸ್ಸಿನ ಟೈಮು

ಕಂಪ್ಯೂಟರನ್ನು ಶನಿವಾರ ಜೀಪಿಗೆ ಹಾಕಿ ದಾಂಡೇಲಿಗೆ ಕಳಿಸಿ, ಪೆನ್ಶನ್ ಕೆಲಸವೂ ಇನ್ನು ಮೇಲೆ ಅಲ್ಲಿಯೇ ಆಗಲಿ ಎಂದು ಕಾರವಾರದಿಂದ ಫೋನು ಬಂದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಜೊಯಿಡಾದ ನಮ್ಮ ಸರ್ಕಾರಿ ಕಚೇರಿಗೆ ಬಂದ ಮೊದಲ ಕಂಪ್ಯೂಟರು ಅದು. ನಾನು ಅದರ ಆಪರೇಟರು, ಗುತ್ತಿಗೆಯವಳು. ಅದು ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು; ಇರಲಿ, ನನ್ನ ಪಾಡು ನಾನು ನೋಡಿಕೊಳ್ಳುತ್ತಿದ್ದೆ. ಆದರೆ ಕಾಡಿನ ಹಳ್ಳಿಗಳಿಂದ ನಡೆದು ಬರುವ ಮುದುಕಿಯರು, ತಮ್ಮ ಪೆನ್ಶನ್ ಏನಾಯಿತೆಂದು ಕೇಳಲು ದಾಂಡೇಲಿಗೆ ಹೋಗಬೇಕೆ? ಜೊಯಿಡಾ ಮುಟ್ಟುವಷ್ಟರಲ್ಲೇ ಅವರ ಮೊಣಕಾಲು ಸೋತಿರುತ್ತಿದ್ದವು.

ಕಂಪ್ಯೂಟರು ಮಾಡಿದ ತಪ್ಪು ಇಷ್ಟೇ. ಜಿಲ್ಲೆಯ ಎಲ್ಲ ಕಂಪ್ಯೂಟರುಗಳೂ ಕಾರವಾರದ ದೊಡ್ಡ ಸರ್ವರಿನ ಕೆಳಗೆ ಒಂದೇ ಮನೆಯವರ ಹಾಗೆ ಸೇರಬೇಕಿತ್ತು. ಅದಕ್ಕೆ ಡೊಮೇನ್ ಅನ್ನುತ್ತಿದ್ದರು. ಸೇರಿದರೆ ಪೆನ್ಶನ್ ವಿವರ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮದು ಜಪ್ಪಯ್ಯ ಅಂದರೂ ಸೇರಲಿಲ್ಲ.

ಅದನ್ನು ಜೋಡಿಸಲು ಕಾರವಾರದಿಂದ ಬಂದಿದ್ದ ಎಂಜಿನಿಯರು ನನ್ನ ಗುಂಗುರು ಕೂದಲನ್ನು ನೋಡಿ, "ನೀವು ಯಾವ ದೇಶದವರು?" ಎಂದು ಕೇಳಿದ್ದ.

"ಹಳಿಯಾಳ ತಾಲೂಕಿನ ದೇಶದಾಕಿ ರೀ," ಎಂದೆ.

ನಾವು ಸಿದ್ದಿಗಳು; ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರುಗಳಾದವು. ನನ್ನ ಅಜ್ಜನ ಅಜ್ಜ ಉತ್ತ ಹೊಲದ ಪಕ್ಕದಲ್ಲೇ ನಾನು ಹುಟ್ಟಿದ್ದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಅವನು ಮುಖ ಸಣ್ಣದು ಮಾಡಿಕೊಂಡು ವೈರು ಜೋಡಿಸಿದ. ಅವತ್ತು ಕಾರವಾರದ ಸರ್ವರಿಗೆ ಹೋಗುವ ಲೈನು ಬರಲಿಲ್ಲ. ಉಳಿದದ್ದನ್ನು ಫೋನಿನಲ್ಲಿ ಹೇಳುತ್ತೇನೆಂದು ಹೊರಟುಹೋದ.

ಅವನು ಹೋದ ಮೇಲೆ ನಮ್ಮ ಜವಾನ ಕಾಕಾ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಆಮೇಲೆ ಪರದೆಯ ಮೂಲೆಗೆ ಬೆರಳು ತೋರಿಸಿ, "ಇದರ ಟೈಮ್ ಗೋಡೀ ಗಡಿಯಾರ ನೋಡಿ ಇಡು ತಂಗಿ. ಆಫೀಸಿನ್ಯಾಗ ಎಲ್ಲಾದೂ ಒಂದ ಇರ್ಲಿ," ಎಂದರು. ಹಾಗೆಯೇ ಇಟ್ಟೆ.

ಮಾರನೆಯ ದಿನ ಲೈನೇನೋ ಬಂತು. ಆ ವಾರವೆಲ್ಲ ಫೋನು ಕಿವಿಗೆ ಹಚ್ಚಿಕೊಂಡು ಕೂತೆ. ಎಂಜಿನಿಯರು ವೈರು ಕಿತ್ತು ಮತ್ತೆ ಹಾಕಿ ಅಂದ, ಹಾಕಿದೆ. ಕಂಪ್ಯೂಟರಿನ ಹೆಸರು ಬದಲಿಸಿ ಅಂದ, ಬದಲಿಸಿದೆ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹೇಳಿ ಒತ್ತಿಸಿದ. ಪ್ರತಿ ಸಲವೂ ಅದೇ ಕೆಂಪು ಗುರುತು, ಅದೇ ನಕಾರ. ಶುಕ್ರವಾರದ ಹೊತ್ತಿಗೆ ಅವನ ತಾಳ್ಮೆ ಮುಗಿದಿತ್ತು. ನನ್ನದು ಬುಧವಾರವೇ ಮುಗಿದಿತ್ತು.

"ಮೇಡಂ, ನಿಮ್ಮ ಕಡೆ ಇದೆಲ್ಲ ಆಗುವ ಕೆಲಸ ಅಲ್ಲ," ಎಂದ. "ಈಗ ನಾಲ್ಕೂ ಹತ್ತು. ಐದಕ್ಕೆ ನಾನು ಹೊರಡ್ತೇನೆ. ಅಷ್ಟರೊಳಗೆ ಸೇರದಿದ್ರೆ ನಾಳೆ ಜೀಪಿಗೆ ಹಾಕಿಬಿಡಿ."

ನಮ್ಮ ಕಡೆ ಆಗುವ ಕೆಲಸ ಅಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು. ಜಗಳ ತೆಗೆಯಲು ಏನಾದರೂ ಸಿಕ್ಕರೆ ಸಾಕಿತ್ತು.

"ನಾಲ್ಕೂ ಹತ್ತು ಎಲ್ಲೀದ್ರೀ ಸರ್? ಕಂಪ್ಯೂಟರ್ ನಾಲ್ಕೂವರಿ ತೋರ್ಸಾಕತ್ತೈತಿ. ನಮ್ಮ ಟೈಮೂ ತಿನ್ನಾಕ ಹತ್ತೀರೇನು?"

"ಕಂಪ್ಯೂಟರಿನಲ್ಲೇ ನಾಲ್ಕೂವರೆನಾ?" ಎಂದ.

"ಹೌದ್ರಿ. ಗೋಡೀ ಮ್ಯಾಲೂ ಅಷ್ಟ ಐತಿ."

"ಅಯ್ಯೋ ದೇವರೇ! ಸರ್ವರಿನ ಟೈಮಿಗೂ ನಿಮ್ಮದಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರೆ ಅದು ಒಳಗೇ ಬಿಡೋದಿಲ್ಲ. ಇದನ್ನ ಕೇಳಬೇಕು ಅಂತ ನನಗೂ ಹೊಳೀಲಿಲ್ಲ ನೋಡಿ. ಇಪ್ಪತ್ತು ನಿಮಿಷ ಮುಂದೆ ಯಾಕೆ ಇಟ್ಟಿದ್ದೀರಿ?"

ಯಾಕೆ ಅಂದರೆ ಬಸ್ಸು. ಸಂಜೆ ಮನೆಗೆ ಹೋಗಲು ದಾಂಡೇಲಿ ಕಡೆಗೆ ನಮಗಿದ್ದದ್ದು ಒಂದೇ ಬಸ್ಸು. ಕಚೇರಿ ಮುಚ್ಚುವ ಹೊತ್ತಿಗೇ ಅದು ಹೊರಡುತ್ತಿತ್ತು, ತಪ್ಪಿದರೆ ಬೆಂಚಿನ ಮೇಲೆ ಮಲಗುವುದೇ ಗತಿ. ಅದಕ್ಕೇ ನಾನು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮೊದಲಿನಿಂದ ಗೋಡೆ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ಓಡಿಸುತ್ತಿದ್ದರು. ನಮ್ಮ ಕೈಗಡಿಯಾರಗಳೂ ಹಾಗೆಯೇ. ಮುಂಜಾನೆ ಬರುವಾಗ ಮಾತ್ರ ಆ ಗಡಿಯಾರವನ್ನು ಯಾರೂ ನೋಡುತ್ತಿರಲಿಲ್ಲ ಅನ್ನಿ.

ನಾನು ಕಂಪ್ಯೂಟರಿನ ಟೈಮು ಹಿಂದೆ ಸರಿಸಲು ಹೊರಟಾಗ ಕಾಕಾ ಗಾಬರಿಯಾಗಿ ಓಡಿ ಬಂದರು. "ಏ ತಂಗಿ, ಹಿಂದ ಮಾಡಬ್ಯಾಡವಾ, ಬಸ್ ತಪ್ಪತೈತಿ!"

"ಗೋಡೀದು ಹಂಗ ಇರ್ಲಿ ಕಾಕಾ. ಇದೊಂದು ಕಾರವಾರದ ಟೈಮ್ ನಡಸ್ಲಿ."

ಬಟನ್ ಒತ್ತಿದೆ. ಡೊಮೇನಿಗೆ ಸ್ವಾಗತ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಸ್ವಾಗತವಂತೆ! ನಾವು ಎಲ್ಲಿಂದಲೋ ಬಂದವರೇನು? ಇಲ್ಲಿಯೇ ಇದ್ದವರು. ಆದರೂ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ.

"ಆ ಗೋಡೆ ಗಡಿಯಾರಾನೂ ಸರಿ ಮಾಡಿಸಿ. ಸರ್ಕಾರಿ ಕಚೇರಿ ಅದು," ಎಂದ ಎಂಜಿನಿಯರು.

"ಸಂಜೀಕ ನಿಮಗ ಎಷ್ಟ್ ಬಸ್ ಅದಾವ್ರಿ ಸರ್?"

"ಬೇಕಾದಷ್ಟಿವೆ. ಯಾಕೆ?"

"ನಮಗ ಒಂದ ಐತ್ರಿ. ಗೋಡೀ ಗಡಿಯಾರಕ್ಕ ಕೈ ಹಚ್ಚೂದಿಲ್ಲ," ಎಂದು ಫೋನು ಇಟ್ಟೆ.

ಶನಿವಾರ ಜೀಪು ಬಂದೇ ಬಂತು. ಅದನ್ನು ಬೇಡವೆನ್ನಲು ಕಾರವಾರದವರು ಮರೆತಿದ್ದರು. ಡ್ರೈವರ್ ಹಗ್ಗ ಹಿಡಿದು ಒಳಗೆ ಬಂದು, "ಕಂಪ್ಯೂಟರ್ ಎಲ್ಲೈತ್ರಿ? ಹೇರ್ಕೊಂಡು ಹೋಗಬೇಕು," ಎಂದ. ನನ್ನ ಮುಂದೆ ಗಣೇಶಗುಡಿ ಕಡೆಯ ಒಬ್ಬ ಅಜ್ಜಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ಆಕೆಯ ಪೆನ್ಶನ್ ಮಂಜೂರಾದದ್ದನ್ನು ಪರದೆಯ ಮೇಲೆ ನೋಡಿ ಆಗತಾನೇ ಹೇಳಿದ್ದೆ. ಆಕೆ ಇನ್ನೂ ನಂಬಿರಲಿಲ್ಲ, ಮತ್ತೊಮ್ಮೆ ಹೇಳು ಅನ್ನುತ್ತಿದ್ದಳು.

"ಕಂಪ್ಯೂಟರ್ ಎಲ್ಲೂ ಬರೂದಿಲ್ರಿ," ಎಂದೆ ಡ್ರೈವರಿಗೆ. "ಹೋಗೂ ದಾರ್‍ಯಾಗ ಈ ಅಜ್ಜೀನ್ನ ಕರ್ಕೊಂಡು ಹೋಗ್ರಿ. ಮನೀ ಮುಂದ ಇಳಸ್ರಿ."

ಅವನು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿ, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಕಾಕಾ ಅಜ್ಜಿಯ ಕೈ ಹಿಡಿದು ಜೀಪು ಹತ್ತಿಸಿದರು.